ಹಾಸನದಲ್ಲಿ ಕುಡಿದ ಬಾವಿ ನೀರು

ಧರ್ಮಸ್ಥಳಕ್ಕೆ ನಡೆದು ಹೋಗುವವಳ ತಲೆಯಲ್ಲಿ ದೇವರಿರಬೇಕು. ನನ್ನ ತಲೆಯಲ್ಲಿ ಇದ್ದದ್ದು ಬಾವ, ನನ್ನ ಗಂಡನ ಅಣ್ಣ. ಬಸ್ಸು ಹಾಸನ ಮುಟ್ಟಿದಾಗ ಹೊತ್ತು ಇಳಿದಿತ್ತು. ನಿಲ್ಲುವ ಮೊದಲೇ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನಿಲ್ದಾಣವನ್ನೆಲ್ಲ ಹುಡುಕಿದೆ. ಬಾವ ಬಂದಿದ್ದರೆ ನನಗೆ ನೀರುಂಟು. ಬಾರದಿದ್ದರೆ ಈ ಬೇಸಿಗೆಯೂ ಕಟ್ಟೆಯ ಕೆಸರು ಸೋಸಿ ಕುಡಿಯಬೇಕು. ನನ್ನ ಭಕ್ತಿ ಅಷ್ಟೇ.

ನಯಾಪೈಸೆ ಹೊಸದಾಗಿ ಬಂದು ಸಂತೆಯಲ್ಲಿ ದಿನಾ ಜಗಳವಾಗುತ್ತಿದ್ದ ಕಾಲ ಅದು. ನಮ್ಮೂರು ಹಿರೀಸಾವೆಯಿಂದ ಒಳಕ್ಕೆ. ನನ್ನ ತವರು ಅರಕಲಗೂಡು ಕಡೆ, ಹೊಳೆಯ ಪಕ್ಕ. ಅಲ್ಲಿ ನೀರಿಗಾಗಿ ಯಾರೂ ಯಾರನ್ನೂ ಬೇಡಿದ್ದು ನಾನು ಕಂಡಿಲ್ಲ. ಮದುವೆಯಾಗಿ ಬಂದ ಮೇಲೆ ಗೊತ್ತಾಯಿತು, ಊರಿಗೆ ಒಂದು ಒಳ್ಳೆಯ ಬಾವಿ ಇದ್ದರೆ ಅದೇ ದೊಡ್ಡದು ಎಂದು. ಆ ಒಳ್ಳೆಯ ಬಾವಿ ನಮ್ಮ ಹಿತ್ತಲಲ್ಲೇ ಇತ್ತು. ಮಾವ ತೋಡಿಸಿದ್ದು. ತಳದಲ್ಲಿ ನೆಲ್ಲಿಮರದ ಹಲಗೆ ಹಾಸಿಸಿದ್ದರು, ನೀರು ತಿಳಿಯಾಗಿ ರುಚಿಯಾಗಿರಲಿ ಎಂದು. ಆ ಹಲಗೆ ಕೊಯ್ದು ಚೌಕಟ್ಟು ಕೂರಿಸಿದವರು ನಮ್ಮೂರ ಬಡಗಿ, ಆಚಾರಿ ತಾತ. ನಮ್ಮ ನೀರಿಗೆ ಹಾಗಾಗಿ ಬೇರೆ ಯಾವ ನೀರಿಗೂ ಇಲ್ಲದ ಒಂದು ರುಚಿ. ಕುಡಿಯುವಾಗ ಒಂಚೂರು ಒಗರು, ನುಂಗಿದ ಮೇಲೆ ಗಂಟಲಲ್ಲಿ ಸಿಹಿ.

ಮಾವ ಹೋದ ಮೇಲೆ ಅಣ್ಣತಮ್ಮಂದಿರು ಪಾಲಾದರು. ಮನೆಯ ಮಧ್ಯೆ ಮಣ್ಣಿನ ಗೋಡೆ ಬಂತು. ಬಾವಿ ಬಾವನ ಕಡೆಗೆ ಬಿತ್ತು, ನೀರು ಇಬ್ಬರಿಗೂ ಎಂದು ಪಂಚಾಯಿತಿಯವರು ಹೇಳಿದರು. ಹಗ್ಗ ಮಾತ್ರ ಒಂದೇ ಇತ್ತು. ಒಂದು ಬೆಳಿಗ್ಗೆ ನನ್ನ ಗಂಡ ಸೇದುತ್ತಿದ್ದಾಗ ಹಗ್ಗ ಕಿತ್ತುಹೋಗಿ, ಬಾವನ ತಾಮ್ರದ ಕೊಡ ಬಾವಿಯ ತಳ ಸೇರಿತು. ಎತ್ತು ಎಳೆದ ಹಾಗೆ ಎಳೆದೆ ಎಂದರು ಬಾವ. ಸವೆದಿದೆ ಬದಲಾಯಿಸು ಎಂದು ಹೇಳಿರಲಿಲ್ಲವಾ ಎಂದ ನನ್ನ ಗಂಡ. ಕೊಡದಿಂದ ಶುರುವಾದ ಮಾತು ಸತ್ತ ಅಪ್ಪನವರೆಗೆ ಹೋಯಿತು. ಕೊನೆಗೆ ಬಾವ ಬಾವಿಕಟ್ಟೆಯ ಕಲ್ಲಿಗೆ ಅಂಗೈಯಲ್ಲಿ ಹೊಡೆದು ಕೂಗಿದರು:

"ಇವತ್ನಿಂದ ಈ ಬಾವಿ ನೀರು ನಿಮ್ಮನೇರ ನಾಲ್ಗೆಗೆ ತಾಗುದ್ರೆ ಮಂಜುನಾಥಸ್ವಾಮಿ ಆಣೆ ಕಣ್ಲಾ!"

"ತಾಗುಸ್ದೋರ್ ಮನೆ ಆಳಾಗ್ಲಿ, ಓಗು!" ಎಂದ ನನ್ನ ಗಂಡ. ಇವನೇನು ಕಡಿಮೆಯೇ.

ಗಂಡಸರು ಬಾಯಿಗೆ ಬಂದದ್ದು ಅಂದು ಹೊಲಕ್ಕೆ ಹೋದರು. ಕೊಡ ಹೊತ್ತುಕೊಂಡು ಕಟ್ಟೆಗೆ ನಡೆದವಳು ನಾನು. ಹಿತ್ತಲಲ್ಲಿ ಬಾವಿ, ನೀರಿಗೆ ಊರಾಚೆಯ ಕಟ್ಟೆ. ಶಿವರಾತ್ರಿ ಹೊತ್ತಿಗೆ ಕಟ್ಟೆಯಲ್ಲಿ ಎಮ್ಮೆ ಹೊರಳಿದ ಕೆಸರು. ಮೂರು ಬೇಸಿಗೆ ಹೀಗೆ ಹೊತ್ತೆ.

ಧರ್ಮಸ್ಥಳದ ಆಣೆ ಎಂದರೆ ನಮ್ಮ ಕಡೆ ಹುಡುಗಾಟವಲ್ಲ. ಕೋರ್ಟಿನಲ್ಲಿ ಸೋತವನು ಮೇಲಿನ ಕೋರ್ಟಿಗೆ ಹೋಗಬಹುದು. ಆಣೆ ಬಿದ್ದರೆ ಬಿಡಿಸಿಕೊಳ್ಳಲು ಒಂದೇ ದಾರಿ. ಇಟ್ಟವರು ಮತ್ತು ಬಿದ್ದವರು ಇಬ್ಬರೂ ಕೂಡಿ ಹೋಗಿ ಸ್ವಾಮಿಯ ಮುಂದೆ ನಿಂತು ತಪ್ಪಾಯಿತು ಎನ್ನಬೇಕು. ಒಬ್ಬರೇ ಹೋದರೆ ಕಾಲು ನೋವು ಬರುತ್ತದೆಯೇ ಹೊರತು ಆಣೆ ಬಿಡುವುದಿಲ್ಲ. ಮುರಿದರೆ ಮಕ್ಕಳ ತಲೆಗೆ ಬರುತ್ತದೆ. ಹೀಗೆಂದು ನಾವೆಲ್ಲ ನಂಬಿದ್ದೆವು. ನಾನೂ ನಂಬಿದ್ದೆ. ಮನೆಯಲ್ಲಿ ನನ್ನ ಎರಡು ಮಕ್ಕಳಿದ್ದವು.

ಆ ವರ್ಷ ಕಣದಲ್ಲಿ ಎತ್ತು ತುಳಿದು ನನ್ನ ಗಂಡನ ಕಾಲು ಊದಿಕೊಂಡು ಮಲಗಿದ್ದ. ನೀರಿಗೆ ನೆರವಾಗುತ್ತಿದ್ದ ಒಂದು ಕೈಯೂ ಹೋಯಿತು. ನಾನು ಸೆರಗು ಸಿಕ್ಕಿಸಿಕೊಂಡು ಆಚಾರಿ ತಾತನ ಮನೆಗೆ ಹೋದೆ. ಪ್ರತಿ ವರ್ಷ ಶಿವರಾತ್ರಿಗೆ ಮುಂಚೆ ನಾಲ್ಕು ತಾಲ್ಲೂಕಿನ ಜನರ ಒಂದು ತಂಡವನ್ನು ಹಾಸನದಿಂದ ನಡೆಸಿಕೊಂಡು ಹೋಗುತ್ತಿದ್ದವರು ಅವರೇ. "ನಿಮ್ಮನೇರ ನಾಲ್ಗೆ ಅಂದವ್ನಲ್ಲ, ನಿನ್ ನಾಲ್ಗೆನೂ ಆ ಮನೇದೇ ಕಣವ್ವ, ನೀನೇ ಬಾ," ಎಂದರು. ಬಾವನನ್ನು ಕೇಳಿದರು. ಬಾವ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದರಂತೆ. ಹೊರಡುವ ದಿನ ಬೆಳಗಾಗುವ ಮುಂಚೆಯೇ ಕಂಬಳಿ ಹಿಡಿದು ಮನೆ ಬಿಟ್ಟಿದ್ದರು. ಎಲ್ಲಿಗೆ ಎಂದು ಅವರ ಹೆಂಡತಿಗೂ ಹೇಳಿರಲಿಲ್ಲ. ನನ್ನ ವಾರಗಿತ್ತಿ ಗೋಡೆಯ ಆಚೆಯಿಂದ ಪಿಸುಗುಟ್ಟಿದಳು: "ಆಸ್ನಕ್ಕೋ, ಒಳೆನರಸೀಪುರದ್ ಅವ್ರ ತಂಗಿ ಮನೆಗೋ, ಆ ಶಿವ್ನೇ ಬಲ್ಲ ಕಣೆ."

ಹಾಗಾಗಿ ಕಿಟಕಿಯಿಂದ ಕತ್ತು ಹಾಕಿದ್ದು. ಚನ್ನರಾಯಪಟ್ಟಣದಲ್ಲಿ ಬಸ್ಸಿನ ಗಾಲಿ ಪಂಚರಾಗಿ ನಿಂತಾಗಲೂ ಇದೇ ಕೆಲಸ ಮಾಡಿದ್ದೆ. ಅಲ್ಲೂ ಬಾವ ಇರಲಿಲ್ಲ. ಹಾಸನದ ನಿಲ್ದಾಣದಲ್ಲೂ ಇರಲಿಲ್ಲ. ಆಲೂಗಡ್ಡೆ ಮೂಟೆ, ಜಟಕಾ ಕುದುರೆ, ಬೀಡಿ ಹೊಗೆ, ಯಾರ ಯಾರದೋ ರುಮಾಲು. ಬಾವನ ರುಮಾಲು ಇಲ್ಲ.

"ನಡಿಯವ್ವ, ಛತ್ರದಲ್ಲಿದ್ದಾನು," ಎಂದು ಆಚಾರಿ ತಾತ ಗಂಟು ಹೊತ್ತು ಮುಂದೆ ಹೋದರು.

"ಇಲ್ದಿದ್ರೆ?"

"ದೀಪ ಅಚ್ಚಾಗಂಟ ಟೇಮದೆ."

ದೀಪ ಹಚ್ಚುವುದು ಎಂದರೆ ತಾತನ ತಂಡದ ಕಟ್ಟಳೆ. ಹೊರಡುವ ಹಿಂದಿನ ಸಂಜೆ ಛತ್ರದಲ್ಲಿ ಸ್ವಾಮಿ ಪಟದ ಮುಂದೆ ದೀಪ ಹಚ್ಚಿ, ಹರಕೆ ಇದ್ದವರ ಕೈಗೆ ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ತೆಂಗಿನಕಾಯಿ ಕೊಡುತ್ತಿದ್ದರು. ಆಣೆ ಬಿಡಿಸಲು ಬಂದವರಾದರೆ ಇಬ್ಬರಿಗೂ ಸೇರಿ ಒಂದೇ ಕಾಯಿ, ಇಬ್ಬರೂ ಕೂಡಿ ಹಿಡಿಯಬೇಕು. ದೀಪದ ಹೊತ್ತಿಗೆ ಇಲ್ಲದವನು ತಂಡದಲ್ಲಿಲ್ಲ. ಬೆಳಿಗ್ಗೆ ಓಡಿ ಬಂದು ಸೇರಿಕೊಂಡರೂ ತಾತ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಛತ್ರ ಹಳೆಯದು, ಕಲ್ಲುಕಂಬದ್ದು. ಅಂಗಳದಲ್ಲಿ ಒಂದು ತೆಂಗಿನಮರ, ಅದರ ಬುಡದಲ್ಲಿ ನಲ್ಲಿ. ಅರಕಲಗೂಡಿನವರು, ಹೊಳೆನರಸೀಪುರದವರು ಆಗಲೇ ಬಂದು ಕಂಬಳಿ ಹಾಸಿಕೊಂಡು ಗುಂಪು ಗುಂಪಾಗಿ ಕೂತಿದ್ದರು. ಕಂಬಕ್ಕೆ ಬಡಿದ ಗೂಟಗಳಲ್ಲಿ ಬುತ್ತಿಗಂಟು, ಒಣಗಿಸಿ ತಿರುಳು ತೆಗೆದ ಸೋರೆಬುರುಡೆ. ದಾರಿಗೆ ನೀರು ಒಯ್ಯಲು ಆಗ ಎಲ್ಲರದೂ ಸೋರೆಬುರುಡೆಯೇ. ನಾನು ಕಂಬ ಕಂಬ ಸುತ್ತಿದೆ. ಮಲಗಿದ್ದವರ ಮುಖ ಬಗ್ಗಿ ನೋಡಿದೆ. ಒಬ್ಬಾತ ಎದ್ದು, "ಏನವ್ವ, ಎಮ್ಮೆ ಕಳ್ಕಂಡಿದ್ದೀಯಾ?" ಎಂದ. ಹೆಚ್ಚುಕಡಿಮೆ ಅದೇ ಎಂದು ಮುಂದೆ ಹೋದೆ.

ಬಾವ ಇರಲಿಲ್ಲ.

ತಾತ ಪಟ ಇಟ್ಟರು. ಹೂ ಮುಡಿಸಿದರು. ಬತ್ತಿ ಹೊಸೆದರು, ಹೊಸೆದದ್ದನ್ನು ಬಿಚ್ಚಿ ಮತ್ತೆ ಹೊಸೆದರು. ನನಗಾಗಿ ತಡ ಮಾಡುತ್ತಿದ್ದಾರೆ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. "ಕಡ್ಡಿಪೆಟ್ಗೆ ಎಲ್ಲಿಕ್ದೆ?" ಎಂದು ತಮ್ಮ ಜೇಬು ತಾವೇ ತಡಕಿದರು. ಬೀದಿಯ ದೀಪ ಹತ್ತಿಕೊಂಡಿತು. ಹಿಂದೆ ಕೂತಿದ್ದವರು ಗೊಣಗಲು ಶುರು ಮಾಡಿದರು, ಹೊಟ್ಟೆ ಹಸಿದಿದೆ, ದೀಪ ಆಗದೆ ಬುತ್ತಿ ಬಿಚ್ಚುವ ಹಾಗಿಲ್ಲ.

ನಾನು ಬಾಗಿಲು ಕಾಣುವ ಕಂಬದ ಬುಡದಲ್ಲಿ ಕುಕ್ಕರಿಸಿದೆ. ಗಂಟಲು ಒಣಗಿ ನಾಲಗೆ ಅಂಗುಳಕ್ಕೆ ಅಂಟುತ್ತಿತ್ತು. ಬೆಳಗಿನಿಂದ ನೀರು ಕುಡಿದಿರಲಿಲ್ಲ. ಪಕ್ಕದಲ್ಲಿ ಹೊಳೆನರಸೀಪುರದ ಒಬ್ಬಳು ಮುದುಕಿ ಎಲೆಅಡಿಕೆ ಕುಟ್ಟುತ್ತಿದ್ದಳು. ನನ್ನ ಮುಖ ನೋಡಿ ಕುಟ್ಟುವುದು ನಿಲ್ಲಿಸಿದಳು.

"ಯಾಕವ್ವ ಇಂಗೆ ಬೆವುತ್ಕಂಡಿದ್ದೀಯೆ? ಬಸ್ಸು ತಲೆ ತಿರುಗ್ಸ್ತಾ?"

"ನೀರಿದ್ರೆ ಕೊಡಜ್ಜಿ."

ಅವಳು ಕೂತಲ್ಲಿಂದಲೇ ಕೈ ಎತ್ತಿ ಕಂಬದ ಗೂಟದಿಂದ ಒಂದು ಬುರುಡೆ ಇಳಿಸಿ ಕೊಟ್ಟಳು. ನಾನು ಬಾಗಿಲ ಮೇಲಿನ ಕಣ್ಣು ತೆಗೆಯದೆ, ಬುರುಡೆ ಎತ್ತಿ ಬಾಯಿಗೆ ಸುರಿದುಕೊಂಡೆ.

ಮೊದಲು ತಣ್ಣಗೆ ಹೋಯಿತು. ಆಮೇಲೆ ನಾಲಗೆಯ ಎರಡು ಅಂಚಿಗೆ ಒಗರು. ನುಂಗಿದೆ. ಗಂಟಲ ಹಿಂದೆ ಸಿಹಿ.

ಆ ರುಚಿ ಲೋಕದಲ್ಲಿ ಒಂದೇ ಬಾವಿಯದು.

ಬಾವ ಬಂದಿದ್ದಾರೆ! ಮೊದಲು ಹೊಳೆದದ್ದು ಇದು. ಬಾವನಿಗೆ ಬೇರೆ ನೀರು ಒಗ್ಗುತ್ತಿರಲಿಲ್ಲ. ಮದುವೆ ಮನೆಗೆ ಹೋದರೂ ಮನೆಯ ನೀರು ತೂಗುಹಾಕಿಕೊಂಡು ಹೋಗುವ ಮನುಷ್ಯ. ಬುರುಡೆ ಇಲ್ಲಿದೆ ಎಂದರೆ ಬಾವ ಇಲ್ಲೇ ಎಲ್ಲೋ ಇದ್ದಾರೆ. ಎರಡನೆಯದು ಹೊಳೆಯುವ ಹೊತ್ತಿಗೆ ನೀರು ಹೊಟ್ಟೆ ಸೇರಿತ್ತು. ಬುರುಡೆಯ ಕತ್ತು ನೋಡಿದೆ. ಸುತ್ತಿದ್ದ ಹಗ್ಗ ನಮ್ಮ ಬಾವಿಯದು, ಅವತ್ತು ಕಿತ್ತುಹೋದದ್ದರ ತುಂಡು.

ಮೂರು ಬೇಸಿಗೆ ಕೆಸರು ಸೋಸಿ ಕುಡಿದು ಕಾಪಾಡಿದ ಆಣೆಯನ್ನು, ಬಿಡಿಸಲು ಹೊರಟ ಸಂಜೆ, ಛತ್ರದ ಕಂಬದ ಬುಡದಲ್ಲಿ ಮುರಿದಿದ್ದೆ.

ಉಗುಳೋಣ ಎಂದರೆ ಬಾಯಿಯಲ್ಲಿ ಏನೂ ಇರಲಿಲ್ಲ. ಮಕ್ಕಳ ಮುಖ ಕಣ್ಣ ಮುಂದೆ ಬಂತು, ಊರಲ್ಲಿ ಈ ಹೊತ್ತಿನಲ್ಲಿ ಅವು ಏನು ಮಾಡುತ್ತಿರಬಹುದು ಎಂದು. ಮುದುಕಿಗೆ ಬುರುಡೆ ವಾಪಸು ಕೊಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆಯೂ ಬಂತು, ಸುಳ್ಳು ಹೇಳುವುದಿಲ್ಲ. ಬುರುಡೆ ಇನ್ನೂ ನನ್ನ ಕೈಯಲ್ಲೇ ಇತ್ತು. ಬಾಗಿಲಲ್ಲಿ ಬಾವ ನಿಂತಿದ್ದರು. ಅವರ ಕೈಯಲ್ಲಿ ಆಗ ತಾನೇ ಅಂಗಡಿಯಿಂದ ತಂದ ತೆಂಗಿನಕಾಯಿ.

ಅವರು ನನ್ನ ಮುಖ ನೋಡಲಿಲ್ಲ, ನೋಡುವ ಪದ್ಧತಿಯೇ ಇರಲಿಲ್ಲ. ಬುರುಡೆ ನೋಡಿದರು. ಆಮೇಲೆ ಗೂಟ ನೋಡಿದರು. ನನ್ನ ಗಲ್ಲದಿಂದ ಇಳಿಯುತ್ತಿದ್ದ ನೀರು ನೋಡಿರಬೇಕು. ನಾನು ಸೆರಗು ಎಳೆದುಕೊಂಡೆ.

ಈಗಿನವರಿಗೆ ಇದು ನಗು ತರಿಸಬಹುದು. ಆಗ ಗಂಡನ ಅಣ್ಣನ ಎದುರು ಹೆಂಗಸು ನಿಲ್ಲುವಂತಿಲ್ಲ, ಮಾತಾಡುವಂತಿಲ್ಲ. ಒಂದೇ ಮನೆಯಲ್ಲಿ ಇದ್ದಾಗಲೂ ಬಾವನಿಗೆ ನನ್ನ ಗುರುತು ಬೆನ್ನಿನಿಂದ. ಊಟಕ್ಕೆ ಕರೆಯಬೇಕಾದರೆ ನಾನು ಒರಳುಕಲ್ಲಿಗೆ ಹೇಳುತ್ತಿದ್ದೆ, "ಎಸ್ರು ಆರೋಯ್ತದೆ" ಎಂದು. ಅವರು ಕರುವಿಗೆ ಹೇಳುತ್ತಿದ್ದರು, "ಬಂದೆ ಅನ್ನು" ಎಂದು. ಹಾಗೆ ಬಾಳಿದವರು ಈಗ ಈ ವಿಷಯವನ್ನು ಯಾವ ಕರುವಿಗೆ ಹೇಳುವುದು?

ಬಾವ ನೆಟ್ಟಗೆ ತಾತನ ಹತ್ತಿರ ಹೋದರು. ದನಿ ತಗ್ಗಿಸಲಿಲ್ಲ.

"ಆಚಾರಿ ತಾತ, ಆಣೆ ಮುರ್ದೋಯ್ತು."

"ಏನಂದೆ?"

"ನಮ್ ಬಾವಿ ನೀರ ಕುಡ್ದವ್ರೆ ಅಲ್ಲಿ. ನನ್ ಬುರ್ಡೇಲಿ. ನಾನೇ ಕಣ್ಣಾರೆ ಕಂಡೆ."

ಮುದುಕಿ ನನ್ನನ್ನು, ಬುರುಡೆಯನ್ನು, ತನ್ನ ಕೈಯನ್ನು ಸರದಿಯಲ್ಲಿ ನೋಡಿದಳು. ಆಮೇಲೆ ಬಾಯಿ ಬಡಿದುಕೊಂಡಳು.

"ಅಯ್ಯೋ ನನ್ ಕೈ ಸೇದೋಗ! ಕೊಟ್ಟೋಳು ನಾನಲ್ವಾ! ನಂಗೂ ತಗುಲ್ತದಾ ಇದು? ಎಲ್ರದೂ ಒಂದೇ ಗೂಟ್ದಲ್ಲಿ ನೇತಾಕುದ್ರೆ ಯಾರ್ದು ಅಂತ ನಂಗೇನ್ ಗೊತ್ತು? ಆಣೆ ಇಕ್ಕ ಗಂಡ್ಸು ಬುರ್ಡೆ ಮಡಿಲಲ್ಲಿ ಇಟ್ಕಂಡ್ ಕೂರ್ಬೇಕಪ್ಪ!"

ಯಾರೋ ನಕ್ಕರು, ಆದರೆ ನಗು ಮುಂದುವರಿಯಲಿಲ್ಲ. ನನ್ನ ಆಚೆ ಪಕ್ಕ ಕೂತಿದ್ದ ಅರಕಲಗೂಡಿನ ಹೆಂಗಸರು ತಮ್ಮ ಗಂಟುಗಳನ್ನು ಮೆಲ್ಲಗೆ ಎಳೆದುಕೊಂಡರು. ನನ್ನ ತವರು ಕಡೆಯವರೇ. ಆಣೆ ಮುರಿದವಳ ಹತ್ತಿರ ಬುತ್ತಿ ಇಡಬಾರದು. ನನ್ನ ಸುತ್ತ ಬರೀ ನೆಲ ಉಳಿಯಿತು.

"ಗೊತ್ತಿಲ್ದೆ ಆದ್ದು ಕಣಪ್ಪ," ಎಂದರು ತಾತ.

"ಗೊತ್ತಿದ್ದೋ ಗೊತ್ತಿಲ್ದೆಯೋ, ನಾಲ್ಗೆಗೆ ತಾಗ್ತೋ ಇಲ್ವೋ? ಮುರ್ದ್ ಆಣೆ ಇಟ್ಕಂಡು ಸ್ವಾಮಿ ಮುಂದೆ ಯಾವ್ ಮಕ ಒತ್ಕಂಡು ನಿಂತ್ಕೊಳ್ಳಾದು? ಇಕ್ಕಿದೋನು ನಾನು. ಮೊದ್ಲು ನನ್ ಮನೆಗೇ ಬತ್ತದೆ ಅದು. ನಾ ಬರಾಕಿಲ್ಲ. ಪಟ್ಣದ್ ಕಡೆ ಬಸ್ಸು ಇನ್ನೊಂದದೆ, ಓಯ್ತೀನಿ."

ಅವರ ದನಿ ನಡುಗುತ್ತಿತ್ತು. ಕೋಪ ಎಂದುಕೊಂಡಿದ್ದೆ, ಅಲ್ಲ, ಭಯ. ಬಾವನಿಗೂ ಮಕ್ಕಳಿದ್ದವು. ಕೋಪ ಮಾಡಿಕೊಂಡವನನ್ನು ರಮಿಸಬಹುದು. ಹೆದರಿದವನು ಓಡಿಹೋಗುತ್ತಾನೆ.

ಬಾವ ಕಂಬಳಿ ಎತ್ತಿಕೊಂಡರು. ಕಾಯಿಯನ್ನು ಎಲ್ಲಿ ಇಡುವುದು ಎಂದು ಗೊತ್ತಾಗದೆ ಕಂಕುಳಲ್ಲಿ ಇಟ್ಟುಕೊಂಡರು. ಆ ಕಾಯಿಯ ಮೇಲೆ ನನ್ನ ಕಣ್ಣು ನೆಟ್ಟಿತ್ತು. ಬರುವ ಮನಸ್ಸಿಲ್ಲದವನು ಕಾಯಿ ಕೊಳ್ಳುವುದಿಲ್ಲ. ಈ ಮನುಷ್ಯ ಬಾಗಿಲು ದಾಟಿದರೆ ನನ್ನ ನೀರು ಹೋಯಿತು, ಆಣೆ ಮುರಿದವಳು ಎಂಬ ಹೆಸರೂ ಸೇರಿ ಬಂತು. ಊರಲ್ಲಿ ಯಾರ ಮಗುವಿಗೆ ಜ್ವರ ಬಂದರೂ ನನ್ನ ಕಡೆ ನೋಡುತ್ತಾರೆ.

ನಾನು ಎದ್ದು ನಿಂತೆ. ಬಾವನ ಕಡೆ ಬೆನ್ನು ಹಾಕಿ, ಕಂಬಕ್ಕೆ ಮುಖ ಕೊಟ್ಟೆ.

"ಏ ಕಂಬ, ಕೇಳುಸ್ಕೊ," ಎಂದೆ. ದನಿ ನನ್ನದೇ ಎಂದು ನನಗೆ ಅನ್ನಿಸಲಿಲ್ಲ. "ಆಣೆ ಮುರ್ದೋಯ್ತು ಅಂತಾವ್ರೆ. ಆಗ್ಲಿ. ಮುರ್ದಿದ್ರೆ ಮುರೀತು."

ಹಿಂದೆ ಹೆಜ್ಜೆ ಸದ್ದು ನಿಂತಿತು.

"ನಾನೂ ಬೆಳಿಗ್ಗೆ ಮೊದ್ಲು ಬಸ್ಸಿಗೆ ಊರಿಗೋಯ್ತೀನಿ. ನೆಟ್ಟಗೆ ಬಾವಿಗೋಗಿ ಕೊಡ ಬುಡ್ತೀನಿ. ಮೂರೊರ್ಸ ಕೈ ಕಟ್ಟಾಕಿದ್ದು ಆಣೆ. ಈಗ ಅದೇ ಇಲ್ಲ ಅಂದ್ಮೇಲೆ ನನ್ನ ತಡ್ಯಾಕೆ ಏನದೆ? ಬಾವಿ ಮೇಲೆ ನಂಗೂ ಅಕ್ಕು ಅದೆ, ಪಂಚಾಯ್ತಿಯೋರೇ ಯೋಳವ್ರೆ. ಬರೋದು ಬರ್ಲಿ, ಒಂದ್ ಬುರ್ಡೆ ಕುಡುದ್ರೂ ಅಷ್ಟೆ, ಒಂದ್ ಬಾವಿ ಕುಡುದ್ರೂ ಅಷ್ಟೆ. ದಿನಾ ಸೇದ್ತೀನಿ. ಎಮ್ಮೆಗೂ ಅದ್ನೇ ಕುಡುಸ್ತೀನಿ."

"ಅದೆಂಗ್ ಸೇದ್ಬುಡ್ತಾಳೆ!" ಬಾವ ತಾತನಿಗೆ ಕೂಗಿದರು. "ಯೋಳ್ ತಾತ! ಆಣೆ ಅದೆ, ಎಂಗ್ ಸೇದ್ತಾಳೆ?"

ನಾನು ತಿರುಗಿದೆ. ಸೆರಗು ಜಾರಿತು, ಸರಿಮಾಡಿಕೊಳ್ಳಲಿಲ್ಲ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಬಾವನ ಮುಖ ನೆಟ್ಟಗೆ ನೋಡಿದ್ದು ಅವತ್ತೇ. ಕೆನ್ನೆಯ ಮೇಲೆ ಒಂದು ನರಹುಲಿ ಇತ್ತು. ಅಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

"ಅದೆಯಾ ಬಾವ?" ಎಂದೆ. "ಇದ್ರೆ ಬಿಡುಸ್ಬೇಕು, ನಡೀರಿ ಧರ್ಮಸ್ಥಳಕ್ಕೆ. ಇಲ್ದಿದ್ರೆ ನಾ ಬಾವಿಗೋಯ್ತೀನಿ. ಒಂದ್ ಯೋಳಿ. ಎಲ್ರೂ ಕೇಳುಸ್ಕೊಳ್ಳಲಿ."

ಈ ವಾದ ಮಂಜುನಾಥನ ಹತ್ತಿರ ನಡೆಯುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಬಾವನ ಹತ್ತಿರ ನಡೆದರೆ ಸಾಕಿತ್ತು.

ಬಾವ ಒಂದು ಹೆಜ್ಜೆ ಹಿಂದೆ ಸರಿದರು. ತಮ್ಮನ ಹೆಂಡತಿ ತನ್ನ ಮುಖಕ್ಕೆ ಮಾತಾಡಿದಳು ಎಂಬುದೋ, ಮಾತಿನಲ್ಲಿ ಸಿಕ್ಕಿಬಿದ್ದೆ ಎಂಬುದೋ, ಯಾವುದು ಹೆಚ್ಚಾಯಿತೋ ಅವರಿಗೆ. ಹೊರಗೆ ಬಸ್ಸಿನ ಹಾರನ್ನು ಕೇಳಿಸಿತು. ಬಾವ ಬಾಗಿಲ ಕಡೆ ನೋಡಿದರು. ತಾತನ ಕಡೆ ನೋಡಿದರು.

ಮುದುಕಿಯೇ ಮೊದಲು ಬಾಯಿ ಬಿಟ್ಟದ್ದು. "ಅದೆ ಅನ್ನಪ್ಪ ತಂದೆ, ಅದೆ ಅನ್ನು! ನಂಗೂ ತಪ್ತದೆ!"

"ಅದೆ," ಎಂದರು ಬಾವ. ನೆಲಕ್ಕೆ ಹೇಳಿದರು.

"ಏನದೆ? ಗಟ್ಟಿಯಾಗ್ ಯೋಳು," ಎಂದರು ತಾತ.

"ಆಣೆ ಅದೆ. ಮುರ್ದಿಲ್ಲ."

ತಾತ ಕೂತಲ್ಲಿಂದ ಏಳಲಿಲ್ಲ. "ಕೇಳ್ ಮಗ. ಆ ಬಾವಿ ತಳಕ್ಕೆ ನೆಲ್ಲಿ ಅಲ್ಗೆ ಕೂರ್ಸಿದ್ದು ನಾನು. ಬಾವಿ ಊರಲ್ಲಿತ್ತು, ಇವ್ಳು ಆಸ್ನದಲ್ಲಿದ್ಲು. ಬಾವೀನ ಒತ್ಕಂಡ್ ಬಂದೋನು ನೀನು. ಇವ್ಳು ಕುಡುದ್ಲು, ನೀನು ಕುಡುಸ್ದೆ. ನಿನ್ ತಮ್ಮ ಏನಂದಿದ್ದ ಅವತ್ತು? ತಾಗುಸ್ದೋರ್ ಮನೆ ಆಳಾಗ್ಲಿ ಅಂತ ತಾನೆ? ತಾಗುಸ್ದೋನು ಯಾರಾದ?"

ಇದು ನನಗೂ ಹೊಳೆದಿರಲಿಲ್ಲ. ಬಾವ ಕುಸಿದು ಕೂತರು. ಕಾಯಿಯನ್ನು ಮಂಡಿಯ ಮೇಲೆ ಇಟ್ಟುಕೊಂಡರು. ಹೊರಗೆ ಬಸ್ಸು ಹೊರಟ ಸದ್ದು ಬಂತು, ದೂರವಾಯಿತು.

"ಅಲ್ಲಿ ಇಬ್ರೂ ತಪ್ ಒಪ್ಕಳ್ಳಿ," ಎಂದರು ತಾತ. "ಅಲ್ಲಿಗಂಟ ಇವ್ಳು ಒಂದೊತ್ತು ಉಣ್ಲಿ. ನೀನೂ ಒಂದೊತ್ತು ಉಣ್ಣು. ಆ ಬುರ್ಡೆ ಬರಿದು ಮಾಡು."

ನಾನು ಬುರುಡೆಯನ್ನು ಕಂಬದ ಬುಡದಲ್ಲಿ ಇಟ್ಟು ಸರಿದೆ. ಬಾವ ಬಂದು ಎತ್ತಿಕೊಂಡು ಅಂಗಳಕ್ಕೆ ಹೋದರು. ತೆಂಗಿನಮರದ ಬುಡಕ್ಕೆ ನಮ್ಮ ಬಾವಿಯ ನೀರು ಸುರಿದರು, ಕೊನೆಯ ಹನಿಯವರೆಗೆ ಕೊಡವಿದರು. ಆಮೇಲೆ ನಲ್ಲಿ ತಿರುಗಿಸಿ ಬುರುಡೆ ತುಂಬಿಸಿದರು. ಒಂದು ಗುಟುಕು ಕುಡಿದರು. ಔಷಧಿ ಕುಡಿದ ಮಗುವಿನ ಹಾಗೆ ಮುಖ ಸಿಂಡರಿಸಿದರು, ಉಗುಳಲಿಲ್ಲ. ನುಂಗಿದರು. ಅದನ್ನು ನೋಡಿದ ಮೇಲೆ ನನಗೆ ಖಾತ್ರಿಯಾಯಿತು, ಈ ಮನುಷ್ಯ ನಡೆಯುತ್ತಾರೆ ಎಂದು.

ತಾತನ ಕಡ್ಡಿಪೆಟ್ಟಿಗೆ ಜೇಬಿನಲ್ಲೇ ಇತ್ತು. ದೀಪ ಹತ್ತಿತು. ನಮ್ಮ ಸರದಿ ಬಂದಾಗ ತಾತ ಬಾವ ತಂದ ಕಾಯಿಯನ್ನೇ ಅರಿಶಿನದ ಬಟ್ಟೆಯಲ್ಲಿ ಕಟ್ಟಿದರು. ಜುಟ್ಟಿನ ಕಡೆ ಬಾವ ಹಿಡಿದರು, ತಳದ ಕಡೆ ನಾನು. ಕೈಗೆ ಕೈ ತಾಗದಂತೆ, ಕಾಯಿ ಬೀಳದಂತೆ. ಬಾವ ಪಟ ನೋಡುತ್ತಿದ್ದರು. ನಾನು ಕಾಯಿ ನೋಡುತ್ತಿದ್ದೆ, ಬಿಟ್ಟುಬಿಟ್ಟಾರು ಎಂದು. ಬಿಡಲಿಲ್ಲ. ಮುದುಕಿ ಹಿಂದಿನಿಂದ ತನ್ನ ಕೈಯನ್ನೂ ಚಾಚಿ ಬಟ್ಟೆಯ ತುದಿ ಮುಟ್ಟಿ ಕಣ್ಣಿಗೊತ್ತಿಕೊಂಡಳು, ಎಲ್ಲಿ ತನಗೆ ಉಳಿದುಬಿಡುತ್ತದೋ ಎಂದು.

ಊಟಕ್ಕೆ ಕೂತಾಗ ಅರಕಲಗೂಡಿನ ಹೆಂಗಸರ ಗಂಟುಗಳು ಮತ್ತೆ ನನ್ನ ಪಕ್ಕಕ್ಕೆ ಸರಿದು ಬಂದವು. ಒಬ್ಬಳು ಚಟ್ನಿಪುಡಿ ತೋರಿಸಿ ಹಾಕಲಾ ಎಂದಳು. ನಾನು ಒಂದೊತ್ತಿನವಳು, ಬೇಡ ಎಂದೆ. ಒಂದೊತ್ತು ಇಲ್ಲದಿದ್ದರೂ ಬೇಡ ಎನ್ನುತ್ತಿದ್ದೆ.

ನಸುಕಿನಲ್ಲಿ ಹೊರಟೆವು. ಸಕಲೇಶಪುರದ ದಾರಿ. ಬಾವ ಗಂಡಸರ ಜೊತೆ ಮುಂದೆ, ನಾನು ಹೆಂಗಸರ ಜೊತೆ ಹಿಂದೆ. ಕಾಯಿ ಒಂದು ದಿನ ಅವರ ಹೆಗಲಲ್ಲಿ, ಒಂದು ದಿನ ನನ್ನ ಮಡಿಲಲ್ಲಿ. ಕೈ ಬದಲಾಗುವಾಗ ತಾತ ಮಧ್ಯೆ ನಿಲ್ಲುತ್ತಿದ್ದರು. ಘಾಟಿ ಇಳಿಯುವ ಮೊದಲೇ ಬಾವನ ಹೊಟ್ಟೆ ಕೆಟ್ಟು ಎರಡು ಕಡೆ ತಂಡ ಕಾಯಬೇಕಾಯಿತು. ಅದಕ್ಕೆ ಹಾಸನದ ನಲ್ಲಿ ಹೊಣೆ, ನಾನಲ್ಲ. ಅವರು ವಾಪಸು ಹೋಗುತ್ತೇನೆ ಎನ್ನಲಿಲ್ಲ. ಧರ್ಮಸ್ಥಳದಲ್ಲಿ ಸ್ವಾಮಿಯ ಮುಂದೆ ಇಬ್ಬರೂ ನಿಂತು ತಪ್ಪಾಯಿತು ಎಂದೆವು. ನಾನು ನನ್ನ ನಾಲಗೆಯದನ್ನೂ ಸೇರಿಸಿ ಹೇಳಿದೆ. ನನ್ನ ಮಕ್ಕಳಿಗಾಗಲಿ ಬಾವನ ಮಕ್ಕಳಿಗಾಗಲಿ ಏನೂ ಆಗಲಿಲ್ಲ. ಸ್ವಾಮಿ ಕೇಳಿಸಿಕೊಂಡದ್ದಕ್ಕೋ, ಮೊದಲೇ ಏನೂ ಆಗಬೇಕಿರಲಿಲ್ಲವೋ, ಅದನ್ನು ಕೆದಕುವ ಗೋಜಿಗೆ ನಾನು ಹೋಗಲಿಲ್ಲ. ನನಗೆ ನೀರು ಸಿಕ್ಕಿತು.

ಊರಿಗೆ ಬಂದ ಬೆಳಿಗ್ಗೆ ಕೊಡ ತೆಗೆದುಕೊಂಡು ಹಿತ್ತಲಿಗೆ ಹೋದೆ. ಬಾವ ಬಾವಿಕಟ್ಟೆಯ ಆಚೆ ಬದಿಯಲ್ಲಿ ಹಲ್ಲುಜ್ಜುತ್ತಿದ್ದರು. ನಾನು ಸೆರಗು ಎಳೆದುಕೊಂಡು ನಿಂತೆ. ಛತ್ರದಲ್ಲಿ ಮುಖಕ್ಕೆ ಮುಖ ಕೊಟ್ಟು ಮಾತಾಡಿದ್ದು ಇಬ್ಬರಲ್ಲಿ ಯಾರಿಗೂ ನೆನಪಿಲ್ಲ ಎಂಬಂತೆ ಇದ್ದೆವು. ಅವರು ಬಾಯಿ ಮುಕ್ಕಳಿಸಿ, ಬಾವಿಕಟ್ಟೆಯ ಕಲ್ಲಿನ ಕಡೆ ತಿರುಗಿದರು. ಅವತ್ತು ಅಂಗೈಯಲ್ಲಿ ಹೊಡೆದ ಅದೇ ಕಲ್ಲು.

"ಅಗ್ಗ ಒಸದು," ಎಂದು ಕಲ್ಲಿಗೆ ಹೇಳಿದರು. "ಕೈಗೆ ಉಜ್ತದೆ. ನೋಡ್ಕಂಡ್ ಸೇದ್ಲಿ."

"ಊಂ ಅಂದ್ಲು ಅನ್ನು," ಎಂದು ನಾನೂ ಕಲ್ಲಿಗೇ ಹೇಳಿ, ಕೊಡ ಕೆಳಗೆ ಬಿಟ್ಟೆ.